ದೊಡ್ಡದು ಮಾಡು

ಬ್ಯಾಡಗಿಯ ಮಾರುಕಟ್ಟೆ ರಸ್ತೆಯಲ್ಲಿರುವ ನೀಲಗಂಗವ್ವನ ಖಾನಾವಳಿಯಲ್ಲಿ ಕೆಲವು ಮಾತುಗಳಿಗೆ ಪ್ರವೇಶವಿರಲಿಲ್ಲ. ಅಕ್ಕಿ ತೀರಿದರೆ ತೀರಿತು ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನಬೇಕು. ಬಳೆ ಒಡೆದರೂ ಅದು ಹೆಚ್ಚಾದದ್ದೇ. ಬಾಗಿಲನ್ನು ಮುಚ್ಚುವಂತಿಲ್ಲ, ಮುಂದೆ ಮಾಡಬೇಕು. ದೀಪ ಆರಿಸು ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಆಕೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವರ ಮುಖವನ್ನೇ ದಿಟ್ಟಿಸುತ್ತಿದ್ದಳು. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ದೀಪ ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ.

ಇದೇನು ಆಕೆ ಹುಟ್ಟಿಸಿದ ಭಾಷೆಯಲ್ಲ. ನಮ್ಮ ಕಡೆಯ ಹಳಬರು ಮನೆಮನೆಯಲ್ಲೂ ಹೀಗೇ ಮಾತಾಡುತ್ತಾರೆ. ಕೆಟ್ಟದ್ದನ್ನು ಹೆಸರಿಟ್ಟು ಕರೆದರೆ ಅದು ಬಂದೇ ಬಿಡುತ್ತದೆ ಎಂಬ ಹೆದರಿಕೆ. ಆದರೆ ಉಳಿದವರು ಈ ಮಾತನ್ನು ದೇವರ ದೀಪಕ್ಕೆ ಮಾತ್ರ ಇಟ್ಟುಕೊಂಡರೆ ನೀಲಗಂಗವ್ವ ಅದನ್ನು ಗ್ಯಾಸಿನ ಭಟ್ಟಿಗೂ ಹಚ್ಚಿದ್ದಳು. ಗಂಡ ತೀರಿಕೊಂಡ ಮೇಲೆ ಆ ಭಟ್ಟಿಯೇ ಆಕೆಯನ್ನೂ ಮಗನನ್ನೂ ಸಾಕಿತ್ತು. "ಅನ್ನ ಹಾಕೋ ಒಲಿ ಐತಿ ಅದು. ಆರಸು ಅಂತ ನನ್ನ ಬಾಯಾಗ ಬರಬಾರದು" ಎನ್ನುತ್ತಿದ್ದಳು. ಹಳೆಯ ಅಡುಗೆಯವ ಹಾಲಸಿದ್ದಪ್ಪನಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, "ಒಲಿ ದೊಡ್ಡದ ಮಾಡು" ಎಂಬ ಕೂಗು ಬೀಳುವ ಮೊದಲೇ ಅವನ ಕೈ ಭಟ್ಟಿಯ ತಿರುಪಿನ ಮೇಲೆ ಹೋಗಿ ಉರಿ ನಿಲ್ಲಿಸುತ್ತಿತ್ತು.

ಮಗ ವೀರೇಂದ್ರ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸಿಕೊಳ್ಳುವವನು. ಹೊಸ ಕಾಲದವನು. ಹಾವೇರಿಯಲ್ಲಿ ಹೋಟೆಲಿನವರಿಗಾಗಿ ನಡೆದ ಸುರಕ್ಷತೆಯ ತರಬೇತಿಗೆ ಹೋಗಿ ಬಂದು, ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ. ನೀಲಗಂಗವ್ವ ಆಯುಧಪೂಜೆಯ ದಿನ ಅದಕ್ಕೂ ವಿಭೂತಿ ಬಳಿದು, ಅದರ ಪಿನ್ನಿಗೆ ಚೆಂಡುಹೂವಿನ ಮಾಲೆಯನ್ನು ದಾರದಿಂದ ಬಿಗಿಯಾಗಿ ಸುತ್ತಿ ಕೈಮುಗಿದಿದ್ದಳು. ಹೂವು ಒಣಗಿ ಉದುರಿತು, ದಾರ ಹಾಗೇ ಉಳಿಯಿತು. ಸುರಕ್ಷತೆಗೆ ಇಷ್ಟು ಸಾಕೆಂದು ತಾಯಿ ಮಗ ಇಬ್ಬರೂ ತಿಳಿದಿದ್ದರು.

ಮಹಮೂದಾಬೇಗಂ ಆ ಅಡುಗೆಮನೆಗೆ ಬಂದದ್ದು ಮೆಣಸಿನಕಾಯಿಯ ಗೋದಾಮಿನಿಂದ. ವರ್ಷಗಟ್ಟಲೆ ಕೂತು ತೊಟ್ಟು ಬಿಡಿಸಿ ಬಿಡಿಸಿ, ಘಾಟಿಗೆ ಕೆಮ್ಮು ಹತ್ತಿ, ಇನ್ನು ಆಗದು ಎಂದು ಬಿಟ್ಟು ಬಂದವಳು. ತವರು ಗುತ್ತಲ, ಗಂಡನ ಮನೆ ಬ್ಯಾಡಗಿ. ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಬಡಿಯುವ ಕೆಲಸ ಆಕೆಯದು. ಎಷ್ಟು ಚೆಂದ ಬಡಿಯುತ್ತಿದ್ದಳೆಂದರೆ ಮಾರುಕಟ್ಟೆಯ ದಲಾಲರು ಬಿಸಿ ರೊಟ್ಟಿಗಾಗಿಯೇ ಕಾಯುತ್ತಿದ್ದರು. ಕನ್ನಡ ನಮ್ಮ ನಿಮ್ಮಷ್ಟೇ ಸರಾಗ. ಆದರೆ ಮನೆಯಲ್ಲಿ ಉರ್ದು. ಅಲ್ಲಿ ದೀಪ ಆರಿಸುವುದನ್ನು ಆರಿಸುವುದು ಎಂದೇ ಹೇಳುತ್ತಾರೆ. ಹಿತ್ತಲಿನ ಕಟ್ಟಿಗೆ ಒಲೆಗೆ ಯಾರ ಅಪ್ಪಣೆಯೂ ಬೇಡ, ಕೆಲಸ ಮುಗಿದಂತೆ ತಾನೇ ತಣ್ಣಗಾಗುತ್ತದೆ. ಹೀಗಾಗಿ ಒಳಗಿನ ಭಟ್ಟಿಯ ಭಾಷೆ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಕಲಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದನ್ನು ಯಾರು ತಾನೇ ಕಲಿಸುತ್ತಾರೆ?

ಮೆಣಸಿನಕಾಯಿಯ ಟೆಂಡರ್, ಅಂದರೆ ಹರಾಜು, ಇದ್ದ ದಿನ ಅದು. ಮಧ್ಯಾಹ್ನದ ಹೊತ್ತಿಗೆ ಖಾನಾವಳಿ ಕಿಕ್ಕಿರಿದಿತ್ತು. ಬಡಿಸುವವರು ಸಾಲದೆ ಹಾಲಸಿದ್ದಪ್ಪ ಪಲ್ಯದ ಪಾತ್ರೆ ಹಿಡಿದು ಹೊರಗೆ ಹೋದ. ಮಿರ್ಚಿ ಕರಿಯುವ ದೊಡ್ಡ ಕಡಾಯಿಯ ಮುಂದೆ ನೀಲಗಂಗವ್ವ ಮಹಮೂದಾಳನ್ನು ನಿಲ್ಲಿಸಿದಳು. ಭಟ್ಟಿಯ ಹತ್ತಿರ ಆಕೆಗೆ ಅದೇ ಮೊದಲ ದಿನ. ಎರಡು ಘಾಣ ಮಿರ್ಚಿ ಚೆನ್ನಾಗಿಯೇ ಕರಿದು ತೆಗೆದಳು. ಹಿಟ್ಟು ಹೆಚ್ಚಾಗಿ, ಅಂದರೆ ತೀರಿ, ಹೊಸ ಹಿಟ್ಟು ಕಲಸುವವರೆಗೆ ಎಣ್ಣೆ ಸುಮ್ಮನೆ ಕಾಯುತ್ತಾ ಕೂತಿತು. ಹೊಗೆಯಾಡತೊಡಗಿತು.

ಅನ್ನದ ಪಾತ್ರೆಯ ಹತ್ತಿರ ನಿಂತಿದ್ದ ನೀಲಗಂಗವ್ವ ಅದನ್ನು ಕಂಡಳು.

"ಏ ಮಹಮೂದಾ, ಎಣ್ಣಿ ಹೊಗಿ ಬಿಡಾಕತ್ತೈತಿ! ಒಲಿ ದೊಡ್ಡದ ಮಾಡು, ಲಗೂ!"

ಮಹಮೂದಾಳ ಕೈ ತಿರುಪಿನ ಹತ್ತಿರ ಹೋಗಿ ನಿಂತಿತು. ಹೊಗೆ ಬರುವ ಎಣ್ಣೆಗೆ ಇನ್ನೂ ಉರಿಯೇ ಎಂದು ಅನುಮಾನವಾಗಿ ತಿರುಗಿ ಕೇಳಿದಳು.

"ದೊಡ್ಡದೇನ್ರಿ ಅವ್ವಾರ?"

"ಹೂಂ, ದೊಡ್ಡದಽ! ಪೂರಾ ಮಾಡು, ಏನ್ ನೋಡ್ತಿ!"

ಪೂರಾ ಮಾಡಿದಳು. ಭಟ್ಟಿ ಭರ್ ಎಂದು ಎದ್ದಿತು. ಉರಿ ಕಡಾಯಿಯ ಅಂಚು ದಾಟಿ ಮೇಲೆ ಬಂದು ಎಣ್ಣೆಗೆ ಹತ್ತಿಕೊಂಡಿತು. ಹಿಂದೆ ಸರಿಯುವಷ್ಟರಲ್ಲಿ ಮಹಮೂದಾಳ ತೋಳು, ತಲೆಯ ಮೇಲಿನ ಸೆರಗು ಎರಡನ್ನೂ ಬೆಂಕಿ ಹಿಡಿದಿತ್ತು. ವೀರೇಂದ್ರ ಓಡಿ ಬಂದು ಕೆಂಪು ಸಿಲಿಂಡರ್ ಕಿತ್ತುಕೊಂಡ, ಪಿನ್ನು ಬರಲಿಲ್ಲ. ಪೂಜೆಯ ದಾರವನ್ನು ಹಲ್ಲಿನಿಂದ ಕಚ್ಚುತ್ತಾ ನಿಂತ. ಅಷ್ಟರಲ್ಲಿ ಹಾಲಸಿದ್ದಪ್ಪ ಒಳಗೆ ನುಗ್ಗಿ, ಅನ್ನದ ಪಾತ್ರೆಯ ಮುಚ್ಚಳವನ್ನು ಕಡಾಯಿಯ ಮೇಲೆ ಕವುಚಿ, ಗ್ಯಾಸಿನ ಮೂಲದ ತಿರುಪು ಬಿಗಿಮಾಡಿದ. ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಮಹಮೂದಾಳಿಗೆ ಸುತ್ತಿದ. ಆಕೆ ಅಳುತ್ತಿರಲಿಲ್ಲ. ಏನಾಯಿತು, ಏನಾಯಿತು ಎಂದಷ್ಟೇ ಕೇಳುತ್ತಿದ್ದಳು.

ಊಟ ಬಿಟ್ಟು ಎದ್ದವರೆಲ್ಲ ರಸ್ತೆಯಲ್ಲಿ ಗುಂಪುಗೂಡಿದ್ದರು. ಮಹಮೂದಾಳನ್ನು ಹಾವೇರಿಯ ಆಸ್ಪತ್ರೆಗೆ ಒಯ್ಯಲು ಟಂಟಂ ಗಾಡಿ ಬಂದು ನಿಂತಿತ್ತು. ಮೆಣಸಿನಕಾಯಿ ದಲಾಲಿ ಕರಬಸಪ್ಪ ಮುಂದೆ ಬಂದು, ಬೆರಳಿನ ಸಾರು ಒರೆಸಿಕೊಳ್ಳುತ್ತಾ ಕೇಳಿದ.

"ಏನಾತ್ರಿ ಅಕ್ಕಾರ? ಹೆಂಗ ಹತ್ತಿತು?"

ನೀಲಗಂಗವ್ವ ಸುತ್ತಲಿನ ಮುಖಗಳನ್ನು ನೋಡಿದಳು. ಎಲ್ಲ ಗಿರಾಕಿಗಳೇ. ಈ ಖಾನಾವಳಿಯಲ್ಲಿ ಜೀವಕ್ಕೆ ಭರವಸೆಯಿಲ್ಲ ಎಂದು ಒಬ್ಬ ಅಂದರೆ ನಾಳೆ ಮಾರುಕಟ್ಟೆಯೇ ಅನ್ನುತ್ತದೆ. ನಾಲಿಗೆ ಹೊರಳಿತು.

"ಒಲಿ ಆರಸು, ಆರಸು ಅಂತ ಒದರೇನಿ. ಆಕಿ ಕೇಳಲಾರದಽ ಜೋರ ಮಾಡಿಬಿಟ್ಲು."

ಇಷ್ಟು ವರ್ಷ ಬಾಯಲ್ಲಿ ಬರಬಾರದು ಎಂದು ಕಾಯ್ದುಕೊಂಡ ಮಾತು, ಸುಳ್ಳು ಹೇಳುವಾಗ ಎಷ್ಟು ಸಲೀಸಾಗಿ ಬಂತು ನೋಡಿ. ಪಕ್ಕದಲ್ಲಿದ್ದ ಹಾಲಸಿದ್ದಪ್ಪ ಗಕ್ಕನೆ ಆಕೆಯ ಕಡೆ ತಿರುಗಿದ. ಏನೋ ಹೇಳುವವನಂತೆ ಬಾಯಿ ತೆರೆದು, ಮತ್ತೆ ಟಂಟಂ ಹತ್ತಿ ಕೂತ. ಅವನಿಗೂ ಹೊಟ್ಟೆಯಿತ್ತು.

ಅಡುಗೆಮನೆಗೆ ಹೆಚ್ಚೇನೂ ಹಾನಿಯಾಗಿರಲಿಲ್ಲ. ಗೋಡೆಗೆ ಸುಣ್ಣ ಬಳಿಸಿ ಬೇಗನೆ ಮತ್ತೆ ಊಟ ಶುರುಮಾಡಿದರು. ಗಿರಾಕಿಗಳು ಬಂದರು. ಕರಬಸಪ್ಪ ಪ್ರತಿ ಟೆಂಡರ್ ದಿನವೂ ಹೊಸ ಊರಿನ ವ್ಯಾಪಾರಿಗಳನ್ನು ಕರೆತಂದು, ರೊಟ್ಟಿ ಮುರಿಯುತ್ತಾ ಆ ಕಥೆ ಹೇಳಿ ನಗಿಸುತ್ತಿದ್ದ. "ಆರಸು ಅಂದ್ರ ಆಕಿ ಜೋರ ಮಾಡಿದ್ಲಂತ! ಇಂಥಾ ಕಿವುಡರನ್ನ ಒಲಿ ಮುಂದ ನಿಂದರಿಸಿದ್ರ ಊರ ಸುಡತೈತಿ" ಎನ್ನುತ್ತಿದ್ದ. ಒಳಗೆ ಅನ್ನ ಬಗ್ಗಿಸುತ್ತಿದ್ದ ನೀಲಗಂಗವ್ವನಿಗೆ ಆ ನಗು ಕೇಳಿದಾಗಲೆಲ್ಲ ಮೈ ಮುದುಡುತ್ತಿತ್ತು.

ವೀರೇಂದ್ರನಿಗೆ ಸುಧಾರಣೆಯ ಹುಮ್ಮಸ್ಸು ಬಂದಿತ್ತು. ಸಿಲಿಂಡರಿನ ದಾರ ಕತ್ತರಿಸಿ ಎಸೆದ. ಭಟ್ಟಿಯ ಮೇಲೆ ಪೇಂಟರನನ್ನು ಕರೆಸಿ ದಪ್ಪ ಅಕ್ಷರದಲ್ಲಿ ಬರೆಸಿದ: ಹೇಳಿದ್ದನ್ನು ಕಿವಿಗೊಟ್ಟು ಕೇಳಿರಿ. ಆಮೇಲೆ ಕೆಲಸದವರನ್ನೆಲ್ಲ ನಿಲ್ಲಿಸಿ ಪಾಠ ಹೇಳಿದ. ಗಮನವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಹಮೂದಾಬೇಗಂ ಉದಾಹರಣೆಯಾದಳು. ಹಾಲಸಿದ್ದಪ್ಪ ಕಾಲಬೆರಳಿನಿಂದ ನೆಲ ಕೆರೆಯುತ್ತಾ ನಿಂತಿದ್ದ. ನೀಲಗಂಗವ್ವ ಬೆನ್ನು ತಿರುಗಿಸಿ ಬೇಳೆ ಆರಿಸುತ್ತಿದ್ದಳು. ಅದಕ್ಕೆ ಮಾತ್ರ ಆ ಮನೆಯಲ್ಲಿ ಆರಿಸು ಎನ್ನಬಹುದಿತ್ತು.

ಆಕೆ ತನಗೆ ತಾನೇ ಒಂದು ಸಮಾಧಾನ ಹುಡುಕಿಕೊಂಡಿದ್ದಳು. ದೊಡ್ಡದು ಮಾಡು ಎಂದರೂ ಆರಿಸು ಎಂದರೂ ಅರ್ಥ ಒಂದೇ ಅಲ್ಲವೆ? ನಾನು ಹೇಳಿದ್ದರ ಅರ್ಥವನ್ನು ಜನರಿಗೆ ಬಿಡಿಸಿ ಹೇಳಿದೆ, ಅಷ್ಟೆ. ಅರ್ಥ ಬಿಡಿಸಿ ಹೇಳುವುದು ಸುಳ್ಳು ಹೇಗಾದೀತು? ಹಗಲಿನಲ್ಲಿ ಈ ವಾದ ನಡೆಯುತ್ತಿತ್ತು. ಊಟಕ್ಕೆ ಕೂತಾಗ ಮಾತ್ರ "ದೊಡ್ಡದೇನ್ರಿ ಅವ್ವಾರ?" ಎಂದು ತಿರುಗಿ ಕೇಳಿದ ಮುಖ ಕಣ್ಣೆದುರು ಬರುತ್ತಿತ್ತು, ತಾಟು ಸರಿಸಿ ಎದ್ದುಬಿಡುತ್ತಿದ್ದಳು. ಹಾಗಾಗಿ ಆಸ್ಪತ್ರೆಯಿಂದ ಮರಳಿದ ಮಹಮೂದಾಳ ಮನೆಗೆ ದಿನಾ ಊಟದ ಡಬ್ಬಿ ಕಳಿಸತೊಡಗಿದಳು. ರೊಟ್ಟಿ, ಎಣ್ಣೆಗಾಯಿ, ಮೊಸರು, ಒಮ್ಮೊಮ್ಮೆ ಶೇಂಗಾ ಹೋಳಿಗೆ. ಆಸ್ಪತ್ರೆಯ ಖರ್ಚನ್ನೂ ಕೊಟ್ಟಿದ್ದಳು. ನೀಲಗಂಗವ್ವನ ಮನಸ್ಸು ದೊಡ್ಡದು ಎಂದು ಓಣಿಯವರು ಹೊಗಳಿದರು. ಆ ಹೊಗಳಿಕೆಯಂತೂ ಬೈಗುಳಕ್ಕಿಂತ ಕಡೆಯಾಗಿತ್ತು.

ಒಂದು ಮಧ್ಯಾಹ್ನ ಹಾಲಸಿದ್ದಪ್ಪ ಮಹಮೂದಾಳ ಮನೆಯಿಂದ ತಂದ ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತ.

"ಏನೋ?" ಅಂದಳು.

"ಏನಿಲ್ರಿ ಅವ್ವಾರ. ಮಹಮೂದಾ ರಾಣೇಬೆನ್ನೂರಿಗೆ ಹೋಗಿದ್ಲಂತ. ಕಿವಿ ತೋರಸಾಕ."

"ಕಿವಿ? ಕಿವೀಗೂ ಬೆಂಕಿ ತಗಲಿತ್ತೇನು?"

"ಇಲ್ರಿ." ಹಾಲಸಿದ್ದಪ್ಪ ಆಕೆಯ ಮುಖ ನೋಡಲಿಲ್ಲ. "ಕೇಳಸೂದಿಲ್ಲ ಅಂತ ತಿಳಕೊಂಡಾಳ್ರಿ."

ನೀಲಗಂಗವ್ವ ಕೈಯಲ್ಲಿನ ಸೌಟು ಕೆಳಗಿಟ್ಟಳು. ಮಹಮೂದಾ ತನ್ನನ್ನು ಶಪಿಸುತ್ತಿರಬಹುದು, ಊರ ಮುಂದೆ ಬೈಯುತ್ತಿರಬಹುದು ಎಂದು ಇಷ್ಟು ದಿನ ಹೆದರಿದ್ದಳು. ಆಕೆ ಈ ಸುಳ್ಳನ್ನು ನಂಬಿರಬಹುದು ಎಂದು ಮಾತ್ರ ಒಮ್ಮೆಯೂ ಅನಿಸಿರಲಿಲ್ಲ. ಸೆರಗು ಸರಿಪಡಿಸಿಕೊಂಡು ಆಗಲೇ ಹೊರಟಳು.

ಮಹಮೂದಾಳ ಮನೆಯ ಬಾಗಿಲಲ್ಲಿ ಆಕೆಯ ಅತ್ತೆ ಕುಲ್ಸುಮಬಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. "ಬರ್ರಿ, ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದಳು. ಆಮೇಲೆ ಒಳಗಿನ ಸೊಸೆಯನ್ನು ಕರೆಯಲು ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಕೂಗಿದಳು. ಕೂಗಿ, ಸಂಕೋಚದಿಂದ ನಕ್ಕಳು. "ಹಿಂಗಽ ಮಾತಾಡಬೇಕ್ರಿ ಈಗ ಆಕಿ ಕೂಡ. ಒಲಿ ಹತ್ತರ ಬಿಡೂದಿಲ್ರಿ ನಾವು. ಮನ್ಯಾಗ ಸಣ್ಣ ಹುಡುಗರು ಅದಾವ, ಹೆದರಿಕಿ ನೋಡ್ರಿ."

ಮಹಮೂದಾ ಬಂದು ಕೂತಳು. ಕುತ್ತಿಗೆಯ ಪಕ್ಕದ ಚರ್ಮ ಕೆಂಪಗೆ ಜಗ್ಗಿಕೊಂಡಿತ್ತು. ನೀಲಗಂಗವ್ವನಿಗೆ ಅಲ್ಲಿ ನೋಡಲೂ ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

"ಮಾಫ್ ಮಾಡ್ರಿ ಅವ್ವಾರ," ಎಂದಳು ಮಹಮೂದಾ. "ನಿಮಗ ಎಷ್ಟ್ ನುಕ್ಸಾನ ಮಾಡಿದೆ. ಮತ್ತ ಡಬ್ಬಿ ಬ್ಯಾರೆ ಕಳಸಾಕತ್ತೀರಿ."

"ಡಾಕ್ಟರ್ ಏನಂದ್ರು?"

"ಕಿವಿ ಚಲೋ ಅದಾವ ಅಂದ್ರು. ಮಶೀನ್ ಹಚ್ಚಿ ನೋಡಿದ್ರು, ಏನೂ ಕಮ್ಮಿ ಇಲ್ಲ ಅಂದ್ರು." ಮಹಮೂದಾ ಕೈಯ ಬೆರಳುಗಳನ್ನೇ ನೋಡಿಕೊಂಡಳು. "ಹಂಗಾದ್ರ ತಲೀನಽ ಕೆಟ್ಟೈತಿ ಅಂತಾತಲ್ರಿ. ನನಗ ದೊಡ್ಡದ ಮಾಡು ಅಂತನ ಕೇಳಿಸ್ತು. ತಿರುಗಿ ಕೇಳಿದೆ, ಆವಾಗೂ ಹಂಗಽ ಕೇಳಿಸ್ತು. ಟಂಟಂ ಹತ್ತುವಾಗ ನೀವು ಆ ದಲಾಲರಿಗೆ ಹೇಳಾಕತ್ತಿದ್ರಿ, ಆರಸು ಅಂದೇನಿ ಅಂತ. ಆವಾಗ ತಿಳೀತು ನೋಡ್ರಿ. ಮೈ ಉರಿಯೂದಕ್ಕಿಂತ ಅದಽ ದೊಡ್ಡ ಅಂಜಿಕಿ ಆತು. ಯಾರು ಏನ್ ಹೇಳಿದ್ರೂ ಈಗ ಖರೇ ಹಂಗ ಅಂದ್ರೋ, ನನಗ ಹಂಗ ಕೇಳಿಸ್ತೋ, ತಿಳಿಯೂದಿಲ್ಲ."

ನಾಚಿಕೆ ಎಂಬುದು ಮುಖ ಕೆಂಪಾಗುವುದು, ತಲೆ ತಗ್ಗುವುದು ಎಂದು ನೀಲಗಂಗವ್ವ ತಿಳಿದಿದ್ದಳು. ಅದು ಕೂತಲ್ಲಿ ಕೂರಲು ಬಿಡುವುದಿಲ್ಲ ಎಂದು ಅಂದು ಗೊತ್ತಾಯಿತು.

"ನಿನ್ನ ತಲೀನೂ ಚಲೋ ಐತಿ, ಕಿವೀನೂ ಚಲೋ ಅದಾವ ಮಹಮೂದಾ," ಎಂದಳು. "ನಾ ದೊಡ್ಡದ ಮಾಡು ಅಂತನ ಅಂದೆ. ಪೂರಾ ಮಾಡು ಅಂದೆ. ನಮ್ಮಾಗ ಹಂಗ ಅಂದ್ರ ಆರಸೂದು. ನಿನಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಜನರ ಮುಂದ ನಾ ಸುಳ್ಳ ಹೇಳಿದೆ."

ಕುಲ್ಸುಮಬಿಯ ಕೈಯಲ್ಲಿನ ಬೆಳ್ಳುಳ್ಳಿ ಹಾಗೇ ನಿಂತಿತು. ಮಹಮೂದಾಳ ಮಾತಿನಲ್ಲಿ ಈಗ ಮೊದಲಿನ ಸಂಕೋಚ ಇರಲಿಲ್ಲ.

"ಆರಸೂದಕ್ಕ ದೊಡ್ಡದ ಮಾಡು ಅಂತೀರಿ?"

"ಹೂಂ."

"ಮತ್ತ ದೊಡ್ಡದ ಮಾಡೂದಿದ್ರ ಏನಂತೀರಿ?"

ಅದಕ್ಕೆ ಉರಿ ಜೋರು ಮಾಡು ಎನ್ನುತ್ತಿದ್ದರು. ಆದರೆ ನೀಲಗಂಗವ್ವ ಅದನ್ನು ವಿವರಿಸುವ ಬದಲು ಎರಡೂ ಕೈ ಜೋಡಿಸಿದಳು. ಮಹಮೂದಾ ಆ ಕೈಗಳನ್ನು ಮುಟ್ಟಲಿಲ್ಲ.

"ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನಾ ಅಲ್ಲೇ ಇದ್ದೆನಲ್ಲ. ಯಾರ ಮುಂದ ಆ ಮಾತ ಅಂದ್ರಿ, ಅವರ ಮುಂದ ಹೇಳ್ರಿ. ನಾ ಬಂದು ಕೇಳತೇನಿ."

ಮನೆಗೆ ಬಂದು ಹೇಳಿದಾಗ ವೀರೇಂದ್ರ ಸಿಡಿಮಿಡಿಗೊಂಡ. "ಮುಗದ ಮಾತು ಯಾಕ ಎಬ್ಬಸ್ತಿ ಅವ್ವಾ? ಆಕಿಗೆ ಹೇಳಿದಿ, ಕೈ ಮುಗದಿ, ಆತಲ್ಲ. ಗಿರಾಕಿ ಮುಂದ ಹೇಳಿದ್ರ ನಮ್ಮ ಮರ್ಯಾದಿ ಏನ್ ಉಳೀತೈತಿ?"

"ಮರ್ಯಾದಿ ಇನ್ನೂ ಉಳದಿದ್ರ ಅಲ್ಲೇನು ಹೋಗೂದು," ಎಂದಳು ನೀಲಗಂಗವ್ವ. ಗಟ್ಟಿಯಾಗಿ ಅಂದಳು, ಆದರೆ ಟೆಂಡರ್ ದಿನ ಬರುವವರೆಗೆ ಅನ್ನ ಸೇರಲಿಲ್ಲ. ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸಿದಳು, ಕೆಡಿಸಿದಳು. ಮಹಮೂದಾ ಬರದೆ ಇದ್ದರೆ ಎಷ್ಟು ಚೆನ್ನ ಎಂದೂ ಒಮ್ಮೆ ಅನಿಸಿ, ಅದಕ್ಕೆ ಮತ್ತೆ ನಾಚಿದಳು.

ಮಹಮೂದಾ ಬಂದಳು. ಊಟದ ಹೊತ್ತಿಗೆ ಸರಿಯಾಗಿ ಅತ್ತೆಯ ಜೊತೆ ಬಂದು ಬಾಗಿಲ ಹೊರಗಿನ ಕಟ್ಟೆಯ ಹತ್ತಿರ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಒಳಗೆ ಅಂದಿನಂತೆಯೇ ಜನ. ಕರಬಸಪ್ಪ ತನ್ನ ಎಂದಿನ ಜಾಗದಲ್ಲಿ ಕೂತು ಮಜ್ಜಿಗೆಗೆ ಕಾಯುತ್ತಿದ್ದ. ನೀಲಗಂಗವ್ವ ಅಡುಗೆಮನೆಯಿಂದ ಹೊರಗೆ ಬಂದು ಪಂಕ್ತಿಗಳ ನಡುವೆ ನಿಂತಳು.

"ಎಲ್ಲಾರೂ ಒಂದೀಟು ಕೇಳ್ರಿ. ಅವತ್ತ ಬೆಂಕಿ ಹತ್ತಿದಾಗ ನಾ ಆರಸು ಅಂದಿದ್ದಿಲ್ಲ. ಒಲಿ ದೊಡ್ಡದ ಮಾಡು ಅಂದಿದ್ದೆ."

ಕರಬಸಪ್ಪ ದೊಡ್ಡದಾಗಿ ನಕ್ಕ.

"ಅಯ್ಯ, ಎರಡೂ ಒಂದಽ ಅಲ್ಲೇನ್ರಿ ಅಕ್ಕಾರ! ದೊಡ್ಡದ ಮಾಡು ಅಂದ್ರ ಆರಸೂದು ಅಂತ ಸಣ್ಣ ಹುಡುಗರಿಗೂ ಗೊತ್ತೈತಿ. ಆಕಿಗೆ ಅಷ್ಟೂ ತಿಳೀಬಾರದ?"

ಪಂಕ್ತಿಯ ತುಂಬ ನಗೆ ಹರಡಿತು. ಅವರೆಲ್ಲರ ಮನೆಯ ಮಾತೇ ಅದು. ನೀಲಗಂಗವ್ವನೂ ಸ್ವಲ್ಪ ನಕ್ಕು ಒಳಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಿದಂತೆಯೂ ಆಗುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಇಷ್ಟು ದಿನ ತನಗೆ ತಾನೇ ಹೇಳಿಕೊಂಡ ಸಮಾಧಾನವನ್ನೇ ಕರಬಸಪ್ಪ ಜೋರಾಗಿ ಹೇಳಿದ್ದ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸಾಗಿದೆ ಎಂದು ಆಕೆಗೆ ಅಸಹ್ಯವಾಯಿತು. ಬಾಗಿಲಾಚೆ ಮಹಮೂದಾ ಕದಲದೆ ನಿಂತಿದ್ದಳು.

"ನಗಬ್ಯಾಡ್ರಿ ಕರಬಸಪ್ಪಣ್ಣಾರ," ಎಂದಳು. "ನಿಮಗ, ನನಗ ಅದು ಒಂದಽ. ಆಕಿಗೆ ಯಾರ್ ಹೇಳಿದ್ರು? ಆಕಿ ತಿರುಗಿ ಕೇಳಿದ್ಲು, ದೊಡ್ಡದೇನ್ರಿ ಅಂತ. ಪೂರಾ ಮಾಡು ಅಂದೆ ನಾನು. ಹೇಳಿದಂಗ ಮಾಡಿ ಮೈ ಸುಟ್ಟುಕೊಂಡ್ಲು. ಆಕಿ ಅಲ್ಲೇ ನರಳಾಕತ್ತಿದ್ರೂ, ನಿಮ್ಮ ಮುಂದ ನಿಂತು ಆಕೀದಽ ತಪ್ಪು ಅಂತ ಸುಳ್ಳ ಹೇಳಿದೆ. ನೀವು ಊಟಕ್ಕ ಬರೂದು ತಪ್ಪೀತು ಅಂತ ಹೆದರಿ ಹೇಳಿದೆ. ತಪ್ಪು ನಂದು. ಸುಳ್ಳೂ ನಂದು."

ನಗು ನಿಂತಿತು. ಹಾಲಸಿದ್ದಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, "ಖರೇ ಐತ್ರಿ. ನಾನೂ ಸುಮ್ನಿದ್ದೆ" ಎಂದ. ಗಲ್ಲೆಯ ಮೇಲಿದ್ದ ವೀರೇಂದ್ರ ತಲೆ ಎತ್ತಲಿಲ್ಲ. ಕರಬಸಪ್ಪ ಮಜ್ಜಿಗೆ ಬರುವ ಮೊದಲೇ ಎದ್ದು ಕೈ ತೊಳೆಯಲು ಹೋದ.

ನೀಲಗಂಗವ್ವ ಬಾಗಿಲ ಹತ್ತಿರ ಬಂದಳು. ಕೆಲಸಕ್ಕೆ ಮತ್ತೆ ಬಾ ಎನ್ನಬೇಕೆಂದುಕೊಂಡಿದ್ದಳು. ಎದುರಿಗೆ ನಿಂತಾಗ ಆ ಮಾತು ಆಡಲು ಮುಖವಿರಲಿಲ್ಲ.

"ಕೇಳಿಸ್ತೇನವಾ?" ಎಂದಷ್ಟೇ ಕೇಳಿದಳು.

ಮಹಮೂದಾ ಸೆರಗನ್ನು ಸುಟ್ಟ ಕುತ್ತಿಗೆಯ ಮೇಲೆ ಎಳೆದುಕೊಂಡು, ಅತ್ತೆಯ ಕೈ ಹಿಡಿದಳು.

"ಕೇಳಿಸ್ತ್ರಿ," ಎಂದಳು. "ಅವತ್ತೂ ಸರಿಯಾಗೇ ಕೇಳಿಸಿತ್ತು."

ಅತ್ತೆ ಸೊಸೆ ಮೆಟ್ಟಿಲಿಳಿದು ಮಾರುಕಟ್ಟೆಯ ಜನರ ನಡುವೆ ಹೊರಟುಹೋದರು. ನೀಲಗಂಗವ್ವ ಊಟದವರ ಕಡೆ ತಿರುಗಲಾರದೆ ಬಾಗಿಲಲ್ಲೇ ನಿಂತಳು.